ಜಲಾಶಯ ತುಂಬಿತು, ಇನ್ನು ಹೊಳೆಯ ಸರದಿ

ಚಿತ್ರದುರ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯರೇ,

ವೇದಾವತಿ ನದಿಗೆ ಕಟ್ಟಿದ, 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮೂರು ತಲೆಮಾರು ಕಾದಿದ್ದ ಜನ ಅಣೆಕಟ್ಟೆ ಇರುವ ಮಾರಿಕಣಿವೆಗೆ ಹರಿದು ಬಂದರು. ಆ ಸಂಭ್ರಮ ನ್ಯಾಯವಾದದ್ದೇ. ಆದರೆ ಅಣೆಕಟ್ಟೆಯಿಂದ ಕೆಳಗೆ ಹಿರಿಯೂರು ದಾಟಿ ಚಳ್ಳಕೆರೆ ಸೀಮೆಗೆ ಇಳಿಯುವ ವೇದಾವತಿಯ ಪಾತ್ರಕ್ಕೆ ಅದರ ಪಾಲು ಸಿಕ್ಕಿಲ್ಲ. ಬಳ್ಳಾರಿ ಜಾಲಿ ಹೊಳೆಯೊಳಗೇ ಕಾಡಾಗಿ ಬೆಳೆದಿದೆ, ಪಟ್ಟಣದ ಚರಂಡಿ ನೀರು ಅದಕ್ಕೇ ಸೇರುತ್ತಿದೆ, ಮರಳು ಲಾರಿ ಹತ್ತಿ ಹೋಗಿದೆ.

ಈ ಮೂರರಲ್ಲಿ ನನಗೆ ಹೆಚ್ಚು ಸಂಕಟ ತಂದಿರುವುದು ಮರಳಿನ ನಷ್ಟ. ಮರಳಿನ ಹಾಸಿನಲ್ಲಿ ಸುಮಾರು ಮೂರನೇ ಒಂದು ಭಾಗ ಕಣಗಳ ನಡುವಿನ ಖಾಲಿ ಜಾಗ. ಮಳೆಗಾಲದ ನೀರು ಅಲ್ಲಿ ಇಳಿದು ಕುಳಿತರೆ ನಮ್ಮ ಬಯಲುಸೀಮೆಯ ಬಿಸಿಲು ಅದನ್ನು ಸುಲಭವಾಗಿ ಹೀರಲಾರದು. ಹಿಂದೆ ಬೇಸಿಗೆಯಲ್ಲಿ ಹೊಳೆಯಲ್ಲಿ ಒರತೆ ತೋಡುತ್ತಿದ್ದರು. ಮೊಳದಾಳಕ್ಕೆ ಕೈ ಹೋದರೆ ಮರಳು ತಣ್ಣಗಾಗುತ್ತಿತ್ತು, ಆಮೇಲೆ ಬದಿಯಿಂದ ನೀರು ಜಿನುಗುತ್ತಿತ್ತು. ಮೊದಲ ಬೊಗಸೆ ಕದಡಿರುತ್ತಿತ್ತು. ಅದನ್ನು ಎತ್ತಿ ಚೆಲ್ಲಿ ತುಸು ಹೊತ್ತು ಬಿಟ್ಟರೆ ಕುಡಿಯುವಷ್ಟು ತಿಳಿನೀರು ತುಂಬಿಕೊಳ್ಳುತ್ತಿತ್ತು. ದಡದ ಬಾವಿಗಳಿಗೂ ಅದೇ ಆಸರೆಯಾಗಿತ್ತು. ಮರಳು ಹೋದ ಮೇಲೆ ಬಂದ ನೀರು ನಿಲ್ಲದೆ ಓಡುತ್ತದೆ, ಬಾವಿ ಬತ್ತುತ್ತದೆ, ಕೊಳವೆಬಾವಿ ಗಟ್ಟಿ ಬಂಡೆಯ ಆಳಕ್ಕೆ ಇಳಿಯುತ್ತದೆ. ಆ ಆಳದ ಫ್ಲೋರೈಡ್ ನಮ್ಮ ಜಿಲ್ಲೆಯ ಮಕ್ಕಳ ಹಲ್ಲಿನ ಮೇಲೆ ಕಲೆಯಾಗಿ ಕಾಣುತ್ತದೆ.

ನದಿ ಅಭಿವೃದ್ಧಿ ಎಂದೊಡನೆ ಎರಡೂ ಬದಿಗೆ ಕಾಂಕ್ರೀಟ್ ಗೋಡೆ ಕಟ್ಟುವ ಅಂದಾಜುಪಟ್ಟಿ ಸಿದ್ಧವಾಗುತ್ತದೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಮಿಂಚುಳ್ಳಿ ಮಣ್ಣಿನ ದಡದಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ, ಗೋಡೆ ಅದಕ್ಕೆ ಮನೆಯಾಗದು. ಹೊಂಗೆ, ಹೊಳೆಮತ್ತಿ, ನೇರಳೆಯ ಬೇರು ದಡವನ್ನು ಹಿಡಿದಿಡುತ್ತದೆ. ಅವುಗಳ ನೆರಳಿನಲ್ಲಿ ಮಡುವಿನ ನೀರು ತಂಪಾಗಿ ಮೀನು ಉಳಿಯುತ್ತದೆ, ದನಕುರಿಗಳಿಗೂ ತಂಗಲು ಜಾಗವಾಗುತ್ತದೆ.

ಆಗದ ಕೆಲಸವನ್ನು ನಾನು ಕೇಳುತ್ತಿಲ್ಲ. ರಾಜಸ್ಥಾನದ ಅಲ್ವರ್ ಜಿಲ್ಲೆಯಲ್ಲಿ ಬತ್ತಿಹೋಗಿದ್ದ ಅರ್ವರಿ ನದಿ 1990ರ ದಶಕದಲ್ಲಿ ಮತ್ತೆ ಹರಿಯಿತು. ಹಳ್ಳಿಗರು ಜಲ ಸಂರಕ್ಷಣೆಗೆ ಹೆಸರಾದ ರಾಜೇಂದ್ರ ಸಿಂಗ್ ಅವರ ಸಂಸ್ಥೆಯ ಜೊತೆ ಸೇರಿ ಜೋಹಡ್ ಎಂಬ ಮಣ್ಣಿನ ಕಟ್ಟೆಗಳನ್ನು ಊರೂರಿನಲ್ಲಿ ಕಟ್ಟಿದ್ದರಿಂದ ಅಂತರ್ಜಲ ಏರಿ ನದಿಗೆ ಜೀವ ಬಂತು. ನೀರನ್ನು ಹೇಗೆ ಬಳಸಬೇಕೆಂದು ತೀರ್ಮಾನಿಸಲು ಸುಮಾರು 70 ಹಳ್ಳಿಗಳು ತಮ್ಮದೇ ಸಂಸತ್ತು ಮಾಡಿಕೊಂಡವು. ನಮ್ಮಲ್ಲೂ ಕೆರೆ, ಕಟ್ಟೆ, ತಲಪರಿಗೆಗಳ (ನೆಲದಿಂದ ತಾನೇ ಉಕ್ಕುವ ನೀರಿನ ಆಸರೆಗಳ) ಅನುಭವ ಇರುವ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿ.

ಹೊಳೆಗೆ ನೀರು ಬಿಟ್ಟರೆ ನಾಲೆಗೆ ಕಡಿಮೆಯಾದೀತು ಎಂಬ ಅಚ್ಚುಕಟ್ಟಿನ ರೈತರ ಆತಂಕ ಸುಳ್ಳಲ್ಲ. ಹಾಗಾಗಿ ಜಲಾಶಯದ ಮಟ್ಟ ನೋಡಿ, ಅವರ ಎದುರಿನಲ್ಲೇ ಹೊಳೆಯ ಪಾಲನ್ನು ನಿಗದಿ ಮಾಡಿ. ಉಳಿದಿರುವ ಮರಳನ್ನು ಮುಟ್ಟದಂತೆ ಕಾಯಿಸಿ, ಚರಂಡಿ ನೀರನ್ನು ಶುದ್ಧೀಕರಿಸಿ ಬಿಡಿಸಿ. ಬಳ್ಳಾರಿ ಜಾಲಿಯನ್ನು ಬೇರುಸಹಿತ ತೆಗೆಸಿ, ಅದೇ ಮಳೆಗಾಲದಲ್ಲಿ ನಾಡ ಮರಗಳನ್ನು ನೆಡಿಸಿ. ಇಲ್ಲವಾದರೆ ಜಾಲಿ ಮತ್ತೆ ಚಿಗುರುತ್ತದೆ.

ಮುಂದಿನ ಕೆಡಿಪಿ (ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲನಾ) ಸಭೆಯಲ್ಲಿ ವೇದಾವತಿ ಪ್ರತ್ಯೇಕ ವಿಷಯವಾಗಿ ಚರ್ಚೆಗೆ ಬರಲಿ. ಸಣ್ಣ ನೀರಾವರಿ, ಗಣಿ, ಅರಣ್ಯ ಇಲಾಖೆ ಮತ್ತು ನಗರಸಭೆಯ ಅಧಿಕಾರಿಗಳು ಅಂದು ಒಟ್ಟಿಗೆ ಉತ್ತರಿಸಲಿ.

ಇಂತಿ,
ವೇದಾವತಿ ದಡದ ಒಬ್ಬ ರೈತ
ಹಿರಿಯೂರು ತಾಲ್ಲೂಕು