‘ನೀರು ಹಿಡಿಸಲಿಲ್ಲ’ ಅನ್ನುವ ಮಾತು ಸಾಕು: ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೊಂದು ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಕಳೆದ ಮಳೆಗಾಲದಲ್ಲಿ ನಮ್ಮ ಹೋಮ್‌ಸ್ಟೇಗೆ ಬಂದಿದ್ದ ಏಳು ಜನರಲ್ಲಿ ಐವರಿಗೆ ವಾಂತಿಭೇದಿ ಶುರುವಾಯಿತು. ಹಿಂದಿನ ದಿನ ಮುಳ್ಳಯ್ಯನಗಿರಿ ಹತ್ತಿ ಇಳಿದು, ದಾರಿ ಬದಿಯಲ್ಲಿ ಉಪ್ಪು ಖಾರ ಹಚ್ಚಿದ ಅನಾನಸ್ ತಿಂದಿದ್ದರು. ಆರು ವರ್ಷದ ಮಗು ಬಾಡಿಹೋಗಿತ್ತು. ರಾತ್ರಿಯಿಡೀ ಚಮಚದಲ್ಲಿ ಓಆರ್‌ಎಸ್ ಕುಡಿಸಿದೆವು. ‘ನೀರು ಬದಲಾಯ್ತಲ್ಲ, ಹಿಡಿಸಲಿಲ್ಲ’ ಎಂದರು ಮಗುವಿನ ಅಜ್ಜಿ. ನಾನು ಮಾತ್ರ ಅನಾನಸ್ ಜೊತೆಗೆ ನಮ್ಮ ಟ್ಯಾಂಕಿನ ನೀರನ್ನೂ ಅನುಮಾನಿಸಿದೆ.

ನಾನು 17 ವರ್ಷ ಸೇನೆಯಲ್ಲಿದ್ದವನು. ಅಲ್ಲಿ ಈ ಮಾತು ನಡೆಯುತ್ತಿರಲಿಲ್ಲ. ಕ್ಯಾಂಪಿನಲ್ಲಿ ನಾಲ್ಕು ಜನಕ್ಕೆ ಭೇದಿಯಾದರೆ, ಯಾರದೋ ಮಲ ಇನ್ಯಾರದೋ ಬಾಯಿಗೆ ಸೇರಿದೆ ಎಂದೇ ಲೆಕ್ಕ. ನೀರಿನಿಂದ, ನೊಣದಿಂದ, ಅಡುಗೆಯವನ ಕೈಯಿಂದ. ಹೆಚ್ಚಿನ ಸಲ ಕಾರಣ ಬ್ಯಾಕ್ಟೀರಿಯಾ. ಅದರಲ್ಲೂ ಕರುಳಿನಲ್ಲಿ ವಿಷ ಬಿಡುವ ಒಂದು ಬಗೆಯ ಇ. ಕೋಲಿ. ಶಿಗೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ, ನೊರೊವೈರಸ್ ಎಂಬ ವೈರಸ್ ಕೂಡ ಇವೆ. ಶಿಗೆಲ್ಲಾ ಹತ್ತಾರು ಕಣ ಒಳಹೋದರೂ ಸಾಕು. ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಸೋಪು ನೀರೇ ಬೇಕು. 1990ರಲ್ಲಿ ಸೌದಿ ಮರಳುಗಾಡಿಗೆ ಹೋದ ಅಮೆರಿಕದ ಸೈನಿಕರನ್ನು ವಿಚಾರಿಸಿದಾಗ, ಶೇ. 57 ಮಂದಿಗೆ ಒಮ್ಮೆಯಾದರೂ ಭೇದಿಯಾಗಿತ್ತು. ಶೇ. 20 ಮಂದಿಗೆ ಸ್ವಲ್ಪ ಕಾಲ ಕೆಲಸವನ್ನೇ ಮಾಡಲಾಗಲಿಲ್ಲ. ಗಟ್ಟಿ ಆಳುಗಳ ಪಾಡೇ ಹೀಗಾದರೆ ಮಕ್ಕಳ ಗತಿ ಏನು?

ನೀರಿಗೆ ಎಷ್ಟು ಕ್ಲೋರಿನ್ ಬೇಕೆಂದು ತಿಳಿಯಲು ಸೇನೆಯಲ್ಲಿ ಹಾರಾಕ್ಸ್ ಪೆಟ್ಟಿಗೆ ಅಂತ ಇತ್ತು. ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು. ಎಷ್ಟನೇ ಬಟ್ಟಲು ನೀಲಿಯಾಯಿತು ಎಂದು ನೋಡಿ ಬ್ಲೀಚಿಂಗ್ ಪೌಡರ್ ಅಳತೆ ಮಾಡುತ್ತಿದ್ದೆವು. ಪೌಡರ್ ಹಾಕಿದ ಮೇಲೂ ಅರ್ಧ ಗಂಟೆ ಯಾರೂ ಲೋಟ ಎತ್ತುವಂತಿರಲಿಲ್ಲ.

ಇಲ್ಲಿ ನಮ್ಮ ಗಿರಿ ಭಾಗದ ಎಷ್ಟೋ ಮನೆಗೆ ಒರತೆ ನೀರು ಪೈಪಿನಲ್ಲಿ ಇಳಿದು ಬರುತ್ತದೆ. ತಣ್ಣಗೆ, ತಿಳಿಯಾಗಿ. ನೋಡಲು ಶುದ್ಧ. ಆದರೆ ವಾರಾಂತ್ಯದಲ್ಲಿ ಶೌಚಾಲಯದ ಕ್ಯೂ ನೋಡಿ ಜನ ಪೊದೆ ಮರೆಗೆ ಹೋಗುತ್ತಾರೆ. ಒಂದು ಜೋರು ಮಳೆ ಬಂದರೆ ಅದೆಲ್ಲ ಹಳ್ಳಕ್ಕೇ ಅಲ್ವಾ? ನಮಗೆ ಚಿಕ್ಕಂದಿನಿಂದ ಸ್ವಲ್ಪ ಅಭ್ಯಾಸವಾಗಿದೆ, ಅದಕ್ಕೇ ಹೊರಗಿನಿಂದ ಬಂದವರೇ ಜಾಸ್ತಿ ಮಲಗುತ್ತಾರೆ. ಹಾಗಂತ ಸುಮ್ನೆ ಕೂರುವುದು ಸರಿಯಲ್ಲ.

ಗಿರಿಗೆ ಹೋಗುವ ದಾರಿಯ ಕೈಮರದಲ್ಲಿ ಗಾಡಿ ತಪಾಸಣೆಗೆ ಹೇಗೂ ಎಲ್ಲರೂ ನಿಲ್ಲುತ್ತಾರೆ. ಅಲ್ಲೇ ಸಾಕಷ್ಟು ಶೌಚಾಲಯ, ನಲ್ಲಿ, ಸೋಪು ಇಡಿಸಿ. ಶನಿವಾರ, ಭಾನುವಾರ ಸೀತಾಳಯ್ಯನಗಿರಿಯಲ್ಲೂ ಸಂಚಾರಿ ಶೌಚಾಲಯ ನಿಲ್ಲಿಸಿ. ಹಣ್ಣು ಹೆಚ್ಚುವ, ಚುರುಮುರಿ ಕಲಸುವ ಅಂಗಡಿಯವರನ್ನು ದಯವಿಟ್ಟು ಎತ್ತಂಗಡಿ ಮಾಡಬೇಡಿ. ಅವರಿಗೆ ಕೈ ತೊಳೆಯಲು ನೀರೇ ಇಲ್ಲ, ಮೊದಲು ಅದನ್ನು ಕೊಡಿಸಿ. ಪ್ರತಿ ನೀರುಗಂಟಿಯ ಕೈಗೂ ಕ್ಲೋರಿನ್ ಪರೀಕ್ಷೆಯ ಕಿಟ್ ಕೊಡಿ. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮಳೆಗಾಲದ ಕೆಂಪು ನೀರಿಗೆ ಪೌಡರ್ ಜಾಸ್ತಿ ಬೇಕಾಗುತ್ತದೆ, ಕಣ್ಣಂದಾಜು ಸಾಲದು. ಹೋಮ್‌ಸ್ಟೇಗಳ ನೀರನ್ನೂ ಪರೀಕ್ಷಿಸದೆ ಬಿಡಬೇಡಿ.

ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತಲು ಸಾವಿರಾರು ಜನ ಬರುತ್ತಾರೆ. ಅಷ್ಟರೊಳಗೆ ಶುರುವಾಗಲಿ. ನೀರುಗಂಟಿಗಳಿಗೆ ಕಲಿಸಲು ಯಾರಾದರೂ ಬೇಕಿದ್ದರೆ ನಾನು ಬರುತ್ತೇನೆ. ಪರೀಕ್ಷೆಯನ್ನು ನನ್ನ ಟ್ಯಾಂಕಿನಿಂದಲೇ ಆರಂಭಿಸಿ.

ಇಂತಿ,
ಒಬ್ಬ ಮಾಜಿ ಸೈನಿಕ,
ಚಿಕ್ಕಮಗಳೂರು ತಾಲ್ಲೂಕು