ಮಂಗಳ ಗ್ರಹದವರು ಸತ್ತಿದ್ದು ಹೇಗೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ,

‘ವಾರ್ ಆಫ್ ದ ವರ್ಲ್ಡ್ಸ್’ ನೋಡಿ ಮುಗಿಸಿದಾಗ ನೀನು ಮುಖ ಸಪ್ಪೆ ಮಾಡಿಕೊಂಡೆ. ಬೇರೆ ಲೋಕದಿಂದ ಬಂದು ಊರಿಗೆ ಊರನ್ನೇ ಸುಟ್ಟವರು ಕೊನೆಗೆ ಬ್ಯಾಕ್ಟೀರಿಯಾ ತಗುಲಿ ಸಾಯೋದಾ, ಅಷ್ಟೇನಾ ಅಂದೆ. ಆ 2005ರ ಸಿನಿಮಾದಲ್ಲಿ ಕೊನೆ ಅವಸರದಲ್ಲೇ ಮುಗಿಯುತ್ತದೆ, ನಿಜ. ಆಮೇಲೆ ನಾನು ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ ಬರೆದ ಅದರ ಮೂಲ ಕಾದಂಬರಿ ಓದಿದೆ. ನೀನೂ ಓದಲೇಬೇಕು ಕಣೇ.

ಅದು ಪುಸ್ತಕವಾಗಿ ಬಂದಿದ್ದು 1898ರಲ್ಲಿ. ಅದರಲ್ಲಿ ಅಮೆರಿಕ ಇಲ್ಲ, ಮಕ್ಕಳನ್ನು ಕರೆದುಕೊಂಡು ಓಡುವ ಅಪ್ಪನೂ ಇಲ್ಲ. ಮಂಗಳದವರು ಇಳಿಯುವುದು ಲಂಡನ್ ಹತ್ತಿರ, ವೋಕಿಂಗ್ ಪಕ್ಕದ ಬಯಲಿಗೆ. ನಮ್ಮನ್ನೂ ಸೇರಿಸಿ ಎಷ್ಟೋ ನಾಡುಗಳನ್ನು ಇಂಗ್ಲಿಷರು ಆಳುತ್ತಿದ್ದ ಕಾಲ ಅದು. ಮೊದಲ ಅಧ್ಯಾಯದಲ್ಲೇ ವೆಲ್ಸ್ ತನ್ನವರನ್ನು ಕೇಳುತ್ತಾನೆ: ಆಸ್ಟ್ರೇಲಿಯಾ ಪಕ್ಕದ ಟಾಸ್ಮೇನಿಯಾ ದ್ವೀಪದ ಮೂಲ ಜನರನ್ನು ನಾವು ಐವತ್ತು ವರ್ಷದಲ್ಲಿ ಅಳಿಸಿಹಾಕಿದೆವು, ಮಂಗಳದವರನ್ನು ದೂರಲು ನಮಗೇನು ಬಾಯಿದೆ? (ಆ ಜನರ ಸಂತತಿ ಇವತ್ತಿಗೂ ಇದೆ. ಪೂರ್ತಿ ಅಳಿದರು ಅಂತ ಆಗಿನವರು ನಂಬಿದ್ದರು.) ಆಳುವ ದೇಶದಲ್ಲಿ ಕೂತು ಹೀಗೆ ಬರೆಯಲು ಎದೆಗಾರಿಕೆ ಬೇಕು, ಅಲ್ವಾ?

ಒಂದು ಕಡೆ ಕಥೆ ಹೇಳುವವನು ಕಲ್ಲಿದ್ದಲಿನ ಕೋಣೆಯಲ್ಲಿ ಅಡಗಿರುತ್ತಾನೆ. ಮಂಗಳದವರ ಲೋಹದ ಕೈ ಬಾಗಿಲ ಚಿಲಕ ತೆಗೆದು ಒಳಗೆ ಬರುತ್ತದೆ. ಗೋಡೆ, ಸೌದೆ, ಕಲ್ಲಿದ್ದಲು ಎಲ್ಲ ಸವರುತ್ತದೆ. ಅವನ ಬೂಟಿನ ಹಿಮ್ಮಡಿಯನ್ನೂ ಮುಟ್ಟುತ್ತದೆ. ಅವನು ಕೂಗು ಬಾರದಂತೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ. ಅದು ಒಂದು ತುಂಡು ಕಲ್ಲಿದ್ದಲು ಎತ್ತಿಕೊಂಡು ಹೋಗುತ್ತದೆ, ಅಷ್ಟೇ. ನನಗೆ ಮೈ ಜುಮ್ಮೆಂದಿತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಪುಸ್ತಕದಲ್ಲಿ ಆ ಸಾವು ಸುಮ್ನೆ ಬಂದದ್ದಲ್ಲ. ಮೊದಲ ವಾಕ್ಯದಲ್ಲೇ ಸೂಕ್ಷ್ಮದರ್ಶಕ ಇದೆ, ಒಂದು ಹನಿ ನೀರಿನಲ್ಲಿ ಹರಿದಾಡುವ ಜೀವಿಗಳಿವೆ. ಮಂಗಳದವರ ಜೊತೆ ಬಂದು ಎಲ್ಲೆಡೆ ಹಬ್ಬಿದ ಕೆಂಪು ಬಳ್ಳಿ ಅವರಿಗಿಂತ ಮೊದಲೇ ಕೊಳೆಯುತ್ತದೆ. ಆಮೇಲೆ ಖಾಲಿ ಲಂಡನ್‌ನಲ್ಲಿ ಸಾಯುತ್ತಿರುವ ಮಂಗಳದವನ ‘ಉಲ್ಲಾ, ಉಲ್ಲಾ’ ಎಂಬ ಒಂದೇ ನರಳಾಟ ಬೀದಿಬೀದಿಯಲ್ಲಿ ಕೇಳುತ್ತಾ ಇರುತ್ತದೆ. ಅದು ನಿಂತಾಗ ನನಗೆ ಖುಷಿಗಿಂತ ಸಂಕಟವೇ ಜಾಸ್ತಿ ಆಯಿತು. ಮನುಷ್ಯ ಉಳಿದದ್ದು ಅದೃಷ್ಟದಿಂದಲ್ಲ ಅನ್ನುತ್ತಾನೆ ವೆಲ್ಸ್. ನಮ್ಮ ಹಿಂದಿನವರು ತಲೆತಲಾಂತರದಿಂದ ಇದೇ ರೋಗಾಣುಗಳಿಗೆ ಸತ್ತು ಸತ್ತು, ಉಳಿದವರ ಮೈಗೆ ತಾಳುವ ಶಕ್ತಿ ಬಂತು. ಮಂಗಳದಲ್ಲಿ ರೋಗಾಣುಗಳೇ ಇರಲಿಲ್ಲ.

ಇಂಗ್ಲಿಷ್ ಸ್ವಲ್ಪ ಹಳೆಯದು, ಮೊದಲ ಕೆಲವು ಪುಟ ನಿಧಾನ ಅನಿಸಬಹುದು. ಬಿಡಬೇಡ. ಕಲ್ಲಿದ್ದಲಿನ ಕೋಣೆವರೆಗೆ ಓದಿ ನನಗೆ ಫೋನ್ ಮಾಡು.

ನಿನ್ನ
ಅಮ್ಮ