ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯ ತಮ್ಮನಿಗೆ

ಮೇ ತಿಂಗಳಲ್ಲಿ ಪೈಥಾನ್ (ಪ್ರೋಗ್ರಾಂ ಬರೆಯುವ ಒಂದು ಭಾಷೆ) ತರಬೇತಿಗೆಂದು ಶಿವಮೊಗ್ಗಕ್ಕೆ ಬರುತ್ತಿದ್ದ ತೀರ್ಥಹಳ್ಳಿ ಕಡೆಯ ಕಂಪ್ಯೂಟರ್ ಮೇಡಂ ನಾನು. ನಿಮ್ಮ ಹೆಸರು ಕೇಳುವಷ್ಟರಲ್ಲಿ ಬಸ್ಸು ಹೊರಟಿತ್ತು, ಹಾಗಾಗಿ ಇಲ್ಲೇ ಹೇಳುತ್ತಿದ್ದೇನೆ: ಧನ್ಯವಾದ ತಮ್ಮಾ.

ನಮ್ಮೂರಲ್ಲಿ ಗುಡುಗು ಬಂದರೆ ಮೊದಲು ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಇಳಿದ ಮೇಲೆ ನೆಟ್ಟೂ ಹೋಗುತ್ತದೆ. ನಮ್ಮ ಲ್ಯಾಬಿನಲ್ಲಿ ನಂಪೈ (ಪೈಥಾನಿನಲ್ಲಿ ಲೆಕ್ಕ ಮಾಡಲು ಬೇಕಾಗುವ ಲೈಬ್ರರಿ) ಹಾಕುವುದು ಹೇಗೆ ಅಂತ ತರಬೇತಿಯಲ್ಲಿ ಕೇಳಿದರೆ ‘ಪಿಪ್ ಇನ್‌ಸ್ಟಾಲ್ ಕೊಡಿ ಮೇಡಂ’ ಅಂದರು. ನೆಟ್ಟಿನಿಂದ ಇಳಿಸಿ ಹಾಕುವ ಕಮಾಂಡ್ ಅದು, ನೆಟ್ ಇದ್ದವರ ಮಾತು! ನೀವು ಮಾತ್ರ ಪ್ರಿಂಟ್ ತೆಗೆಯುತ್ತಲೇ, ‘ಲ್ಯಾಬಿನ ವಿಂಡೋಸ್ 32 ಬಿಟ್ಟೋ 64ಓ? ಪೈಥಾನ್ ಯಾವ ವರ್ಷನ್ನು?’ ಅಂತ ವಿಚಾರಿಸಿದಿರಿ. ಕೇಳಬೇಕಾದ ಪ್ರಶ್ನೆ ಅದೇ. ‘ಪಿಪ್ ಡೌನ್‌ಲೋಡ್’ ಕೊಟ್ಟು, ಅದಕ್ಕೆ ಹೊಂದುವ ವ್ಹೀಲ್ ಫೈಲುಗಳನ್ನು (ನೇರ ಇನ್‌ಸ್ಟಾಲ್ ಮಾಡಬಹುದಾದ ಸಿದ್ಧ ಪ್ಯಾಕೇಜುಗಳನ್ನು) ನನ್ನ ಪೆನ್‌ಡ್ರೈವಿಗೆ ಇಳಿಸಿದಿರಿ. ನೆಟ್ ಹುಡುಕದೆ ಫೋಲ್ಡರಿನಿಂದಲೇ ಇನ್‌ಸ್ಟಾಲ್ ಮಾಡಲು ‘ನೋ-ಇಂಡೆಕ್ಸ್’ ಸೇರಿಸಬೇಕು ಅಂತ ಪ್ರಿಂಟಿನ ಹಿಂದೆ ಬರೆದೂ ಕೊಟ್ಟಿರಿ. ದುಡ್ಡು ತೆಗೆದುಕೊಂಡದ್ದು ಪ್ರಿಂಟಿಗೆ ಮಾತ್ರ.

ಲ್ಯಾಬಿನ ಎಲ್ಲ ಮಶೀನುಗಳಲ್ಲೂ ಈಗ ನಂಪೈ ಓಡುತ್ತಿದೆ. ಹಲಸಿನ ಹಪ್ಪಳ ಒಣಗಿಸಿಟ್ಟಿದ್ದೇನೆ (ಈ ಸಲ ಬಿಸಿಲು ಸಿಕ್ಕಿದ್ದೇ ಪುಣ್ಯ). ಮುಂದಿನ ಸಲ ಪೇಟೆಗೆ ಬಂದಾಗ ಒಂದು ಕಟ್ಟು ನಿಮಗೆ. ಬೇಡ ಅನ್ನಬೇಡಿ.